ನಿದ್ದೆ: ಏಕೆ ಬೇಕು, ಏಕೆ ಕೆಡುತ್ತದೆ, ಏನು ಮಾಡಬೇಕು



ನಮ್ಮ ಜವನಗೊಂಡನಹಳ್ಳಿ ಹೋಬಳಿಯ ಒಂದು ಹಳ್ಳಿಯಲ್ಲಿ ಶೇಂಗಾ ಬೆಳೆಗೆ ಬರುವ ಸುರುಳಿ ಪೂಚಿಯ ವಿಷಯವಾಗಿ ಸಭೆ ಸೇರಿತ್ತು. ಪಾಠ ಮುಗಿಯುತ್ತ ಬಂದಾಗ ಹಿರಿಯ ರೈತರೊಬ್ಬರು ಎದ್ದು ನಿಂತು, "ಅಲ್ಲ ಸ್ವಾಮಿ, ಗಿಡಕ್ಕೆ ಬರೋ ರೋಗಕ್ಕೆಲ್ಲ ಔಷಧಿ ಹೇಳ್ತೀರಿ. ನನಗೆ ಮೂರು ತಿಂಗಳಿಂದ ರಾತ್ರಿ ನಿದ್ದೆ ಇಲ್ಲ. ಅದಕ್ಕೇನಾದ್ರೂ ಇದ್ರೆ ಹೇಳಿ" ಎಂದರು. ಸಭೆ ನಕ್ಕಿತು, ನಾನೂ ನಕ್ಕೆ. ಆದರೆ ಸಭೆ ಮುಗಿದ ಮೇಲೆ ನಕ್ಕವರ ಪೈಕಿ ನಾಲ್ಕಾರು ಜನ ಒಬ್ಬೊಬ್ಬರಾಗಿ ನನ್ನ ಬಳಿಗೆ ಬಂದರು. ಒಬ್ಬರಿಗೆ ಗೊರಕೆಯ ತೊಂದರೆ. ಒಬ್ಬ ತಾಯಿಗೆ ಮಲಗಿದೊಡನೆ ಕಾಲು ಸೆಳೆತ. ಇನ್ನೊಬ್ಬರು ಬೆಳಗಿನ ಜಾವ ಡೈರಿಗೆ ಹಾಲಿನ ಕ್ಯಾನು ಒಯ್ಯುವಾಗ ಬೈಕಿನ ಮೇಲೆಯೇ ತೂಕಡಿಸಿ ರಸ್ತೆಯ ಪಕ್ಕದ ಗುಂಡಿಗೆ ಬಿದ್ದಿದ್ದರು. ಹಾಲು ಹೋಯಿತು, ಪ್ರಾಣ ಉಳಿಯಿತು.

ನಾನು ಓದಿದ್ದು ವ್ಯವಸಾಯದ ಡಿಪ್ಲೊಮಾ. ಶರೀರದ ವಿಷಯ ವೈದ್ಯರದು. ಅಂದು ನನಗೆ ಉತ್ತರ ತಿಳಿಯಲಿಲ್ಲ. ಆದುದರಿಂದ ವೈದ್ಯರನ್ನು ಕೇಳಿ, ಪುಸ್ತಕಗಳನ್ನು ಓದಿ ತಿಳಿದುಕೊಂಡದ್ದನ್ನು ಈ ಪಾಠದಲ್ಲಿ ನಿಮ್ಮ ಮುಂದೆ ಇಟ್ಟಿದ್ದೇನೆ. ಓದಲು ಬಾರದವರಿಗೆ ಓದಬಲ್ಲವರು ಓದಿ ಹೇಳಬೇಕು.

1. ನಿದ್ದೆ ಎಂದರೆ ಸುಮ್ಮನೆ ಬಿದ್ದಿರುವುದಲ್ಲ

ಮಲಗಿದವನು ಕೆಲಸ ಮಾಡುತ್ತಿಲ್ಲ ಎಂದು ನಾವು ತಿಳಿಯುತ್ತೇವೆ. ಇದು ತಪ್ಪು. ಹೊಲವನ್ನು ಉತ್ತು ಬಿಟ್ಟಾಗ ಮೇಲೆ ಏನೂ ಕಾಣದಿದ್ದರೂ ಮಣ್ಣಿನೊಳಗೆ ಕೆಲಸ ನಡೆಯುತ್ತಿರುತ್ತದೆ. ನಿದ್ದೆಯೂ ಹಾಗೆಯೇ.

ನಿದ್ದೆಯಲ್ಲಿ ಎರಡು ಬಗೆ ಇದೆ. ಕಣ್ಣು ಮುಚ್ಚಿದ ಮೇಲೆ ಮೊದಲು ಎಳೆ ನಿದ್ದೆ, ಆಮೇಲೆ ಗಾಢ ನಿದ್ದೆ. ಗಾಢ ನಿದ್ದೆಯಲ್ಲಿ ಉಸಿರು, ಎದೆಬಡಿತ ನಿಧಾನವಾಗುತ್ತವೆ. ಶರೀರ ತನ್ನ ಸವೆದ ಭಾಗಗಳನ್ನು ಸರಿಪಡಿಸಿಕೊಳ್ಳುತ್ತದೆ. ಮಕ್ಕಳ ಬೆಳವಣಿಗೆಗೆ ಬೇಕಾದ ರಸ ಹೆಚ್ಚಾಗಿ ಸುರಿಯುವುದು ಈ ಹೊತ್ತಿನಲ್ಲಿಯೇ. ಇದಾದ ಮೇಲೆ ಕನಸಿನ ನಿದ್ದೆ ಬರುತ್ತದೆ. ಆಗ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಅತ್ತಿತ್ತ ಓಡಾಡುತ್ತದೆ. ಮೆದುಳು ಎಚ್ಚರದಲ್ಲಿರುವಷ್ಟೇ ಚುರುಕಾಗಿರುತ್ತದೆ, ಕೈಕಾಲು ಮಾತ್ರ ಸಡಿಲವಾಗಿ ಬಿದ್ದಿರುತ್ತವೆ. ತೊಟ್ಟಿಲಲ್ಲಿ ಮಲಗಿದ ಮಗುವಿನ ಕಣ್ಣನ್ನು ನೋಡಿದರೆ ಇದನ್ನು ನೀವೇ ಕಾಣಬಹುದು. ಅಮೆರಿಕದ ಶಿಕಾಗೋ ವಿಶ್ವವಿದ್ಯಾನಿಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು 1953ರಲ್ಲಿ ಇದನ್ನು ಪ್ರಕಟಿಸಿದರು.

ಎಳೆ ನಿದ್ದೆ, ಗಾಢ ನಿದ್ದೆ, ಕನಸಿನ ನಿದ್ದೆ ಸೇರಿ ಒಂದು ಸುತ್ತು. ಒಂದು ಸುತ್ತಿಗೆ ಸುಮಾರು ಒಂದೂವರೆ ಗಂಟೆ. ಒಂದು ರಾತ್ರಿಗೆ ಇಂಥ ನಾಲ್ಕರಿಂದ ಆರು ಸುತ್ತು. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲಿ, ಕನಸಿನ ನಿದ್ದೆ ಹೆಚ್ಚಾಗಿ ಬೆಳಗಿನ ಜಾವದಲ್ಲಿ ಬರುತ್ತದೆ. ಕಲಿತದ್ದು ಮನಸ್ಸಿನಲ್ಲಿ ಊರಿ ನಿಲ್ಲಲು ಎರಡೂ ಬೇಕು. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಓದುವ ಮಗ ರಾತ್ರಿಯೆಲ್ಲ ಎದ್ದಿದ್ದರೆ, ಒಂದು ಕಡೆ ಬಿತ್ತಿ ಇನ್ನೊಂದು ಕಡೆ ಹಕ್ಕಿಗೆ ಬಿಟ್ಟಂತೆ.

2. ಕೆರೆ ಮತ್ತು ನೀರುಗಂಟಿ

ನಿದ್ದೆ ಬರುವುದು ಹೇಗೆ? ಇದಕ್ಕೆ ನಮ್ಮ ಕೆರೆಯ ದೃಷ್ಟಾಂತವೇ ಸಾಕು.

ಎಚ್ಚರವಿದ್ದ ಒಂದೊಂದು ಗಂಟೆಯೂ ಮೆದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಕೂಡುತ್ತ ಹೋಗುತ್ತದೆ. ಇದು ಕೆರೆಗೆ ನೀರು ತುಂಬಿದಂತೆ. ಕೆರೆ ತುಂಬಿದಷ್ಟೂ ನಿದ್ದೆಯ ಒತ್ತಡ ಹೆಚ್ಚು. ಮಲಗಿದಾಗ ಕೆರೆ ಖಾಲಿಯಾಗುತ್ತದೆ. ವಾಣಿ ವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ಮೇಲಿನಿಂದ ನೀರು ಬಾರದೆ ಕೋಡಿ ಬೀಳುವುದಿಲ್ಲ. ಮಧ್ಯಾಹ್ನ ಎರಡು ಮೂರು ಗಂಟೆ ಮಲಗಿ ಕೆರೆಯನ್ನು ಬರಿದು ಮಾಡಿಕೊಂಡವನು, ರಾತ್ರಿ ನಿದ್ದೆ ಬರಲಿಲ್ಲ ಎಂದು ದೂರಿದರೆ ಪ್ರಯೋಜನವಿಲ್ಲ.

ಕೆರೆ ತುಂಬಿದರೆ ಮಾತ್ರ ಸಾಲದು. ಹೊತ್ತಿಗೆ ಸರಿಯಾಗಿ ತೂಬು ಎತ್ತುವ ನೀರುಗಂಟಿಯೂ ಬೇಕು. ಶರೀರದಲ್ಲಿ ಈ ನೀರುಗಂಟಿ ಮೆದುಳಿನ ಒಳಗೆ, ಎರಡು ಕಣ್ಣುಗಳ ನರಗಳು ಕೂಡುವ ಜಾಗದ ಮೇಲ್ಗಡೆ ಇದ್ದಾನೆ. ಅವನೇ ಶರೀರದ ಗಡಿಯಾರ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದಾಗ ಅವನು ಹೊತ್ತನ್ನು ಸರಿಪಡಿಸಿಕೊಳ್ಳುತ್ತಾನೆ. ಸಂಜೆ ಕತ್ತಲಾದ ಮೇಲೆ ಮೆಲಟೋನಿನ್ ಎಂಬ ರಸ ರಕ್ತಕ್ಕೆ ಬರುವಂತೆ ಮಾಡಿ, "ರಾತ್ರಿಯಾಯಿತು" ಎಂದು ಶರೀರಕ್ಕೆಲ್ಲ ಸಾರುತ್ತಾನೆ.

ಇದು ಮನುಷ್ಯನಿಗೆ ಮಾತ್ರ ಇರುವುದಲ್ಲ. ಹುಣಸೆ ಮರದ ಎಲೆ ಸಂಜೆ ಮಡಿಚಿಕೊಳ್ಳುವುದನ್ನು ನೀವು ನೋಡಿದ್ದೀರಿ. 1729ರಲ್ಲಿ ಫ್ರಾನ್ಸಿನ ಡಿ ಮೈರಾನ್ ಎಂಬ ವಿಜ್ಞಾನಿ ಮುಟ್ಟಿದರೆ ಮುನಿ ಜಾತಿಯ ಒಂದು ಗಿಡವನ್ನು ಕತ್ತಲಲ್ಲಿ ಇಟ್ಟು ನೋಡಿದ. ಬೆಳಕಿಲ್ಲದಿದ್ದರೂ ಅದರ ಎಲೆ ಹಗಲಿನ ಹೊತ್ತಿಗೆ ಬಿಚ್ಚಿ, ರಾತ್ರಿಯ ಹೊತ್ತಿಗೆ ಮುಚ್ಚುತ್ತಿತ್ತು. ಗಡಿಯಾರ ಗಿಡದ ಒಳಗೇ ಇದೆ ಎಂಬುದಕ್ಕೆ ಇದು ಮೊದಲ ಸಾಕ್ಷಿಯಾಯಿತು. ಈ ಗಡಿಯಾರ ಜೀವಕಣದೊಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಹಾಲ್, ರೋಸ್‌ಬ್ಯಾಶ್ ಮತ್ತು ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂದಿತು.

ಸೇವಂತಿಗೆ ಬೆಳೆಯುವವರಿಗೆ ಇನ್ನೊಂದು ಮಾತು ಗೊತ್ತು. ರಾತ್ರಿ ಉದ್ದವಾದರೆ ಮಾತ್ರ ಸೇವಂತಿಗೆ ಮೊಗ್ಗು ಕಟ್ಟುತ್ತದೆ. ರಾತ್ರಿ ತೋಟದಲ್ಲಿ ದೀಪ ಉರಿಸಿದರೆ ಹೂ ತಡವಾಗುತ್ತದೆ. ಒಂದು ಬಲ್ಬು ಗಿಡವನ್ನೇ ಮೋಸಗೊಳಿಸುವುದಾದರೆ, ಹಾಸಿಗೆಯಲ್ಲಿ ಮೊಬೈಲನ್ನು ಮುಖದ ಮುಂದೆ ಹಿಡಿದುಕೊಂಡವನ ಮೆದುಳು ಮೋಸಹೋಗದೆ ಇರುತ್ತದೆಯೇ?

3. ಎಷ್ಟು ನಿದ್ದೆ ಬೇಕು

ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ಬೇಕು. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ, 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ಬೇಕು. 3ರಿಂದ 5 ವರ್ಷದ ಮಕ್ಕಳಿಗೆ ಹಗಲಿನದೂ ಸೇರಿ 10ರಿಂದ 13 ಗಂಟೆ. ಹಸುಗೂಸು 14ರಿಂದ 17 ಗಂಟೆ ಮಲಗುತ್ತದೆ.

ವಯಸ್ಸಾದವರ ಗಡಿಯಾರ ಸ್ವಲ್ಪ ಮುಂದಕ್ಕೆ ಓಡುತ್ತದೆ, ಗಾಢ ನಿದ್ದೆಯೂ ಕಡಿಮೆಯಾಗುತ್ತದೆ. ಅಜ್ಜ ರಾತ್ರಿ 8ಕ್ಕೆ ಮಲಗಿ 3ಕ್ಕೆ ಎದ್ದು ಕೂತರೆ ಅವರಿಗೆ ನಿದ್ದೆಯ ರೋಗ ಬಂದಿಲ್ಲ. ಲೆಕ್ಕ ಹಾಕಿ ನೋಡಿ, 7 ಗಂಟೆ ಪೂರ್ತಿಯಾಗಿದೆ. ಆದರೆ ರಾತ್ರಿ ಮೂರು ನಾಲ್ಕು ಸಾರಿ ಮೂತ್ರಕ್ಕೆ ಏಳುವವರು ಅದನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಿರಬಾರದು. ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಬೇಕು.

4. ನಿದ್ದೆಗೆಟ್ಟರೆ ಆಗುವ ನಷ್ಟ

ನಿದ್ದೆಯ ಸಾಲ ಕೈಸಾಲದಂತೆ. ಒಂದು ದಿನದ್ದು ತೀರಿಸಬಹುದು. ದಿನವೂ ಮಾಡುತ್ತ ಹೋದರೆ ಬಡ್ಡಿ ಬೆಳೆಯುತ್ತದೆ. ಬಹಳ ಕಾಲ ನಿದ್ದೆ ಸಾಲದವರಲ್ಲಿ ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಹೆಚ್ಚಾಗಿ ಕಂಡುಬರುತ್ತವೆ. ಸಿಟ್ಟು ಬೇಗ ಬರುತ್ತದೆ, ಮರೆವು ಹೆಚ್ಚುತ್ತದೆ.

ಆದರೆ ಎಲ್ಲಕ್ಕಿಂತ ಬೇಗ ಬರುವ ನಷ್ಟ ಅಪಘಾತ. ಆಸ್ಟ್ರೇಲಿಯಾದಲ್ಲಿ 1997ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯನ್ನು ಗಮನಿಸಿ. ಸತತವಾಗಿ 17 ಗಂಟೆ ಎದ್ದಿದ್ದವರ ಕೈ ಮತ್ತು ಕಣ್ಣಿನ ಚುರುಕು, 100 ಮಿಲಿಲೀಟರು ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇದ್ದವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದ ಮೋಟಾರು ವಾಹನ ಕಾಯಿದೆಯ ಮಿತಿ 30 ಮಿಲಿಗ್ರಾಂ. ಬೆಳಿಗ್ಗೆ 5ಕ್ಕೆ ಎದ್ದು ದಿನವೆಲ್ಲ ದುಡಿದು ರಾತ್ರಿ 10 ದಾಟಿದ ಮೇಲೆ ಈರುಳ್ಳಿ ಲೋಡು ತೆಗೆದುಕೊಂಡು ಬೆಂಗಳೂರಿಗೆ ಹೊರಡುವವನು ಒಂದು ತೊಟ್ಟು ಕುಡಿಯದಿದ್ದರೂ ಕುಡಿದವನ ಹಾಗೆಯೇ ಗಾಡಿ ಓಡಿಸುತ್ತಾನೆ ಎಂದಾಯಿತು.

ನಮ್ಮ ಊರುಗಳ ಪಕ್ಕದಲ್ಲಿಯೇ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಶರೀರದ ಗಡಿಯಾರ ಅತ್ಯಂತ ಮಂದವಾಗುವುದು ಬೆಳಗಿನ ಜಾವ 2ರಿಂದ 5ರವರೆಗೆ. ಮಧ್ಯಾಹ್ನ 2ರಿಂದ 4ರವರೆಗೂ ಸ್ವಲ್ಪ ಮಂದವಾಗುತ್ತದೆ. ಈ ಹೊತ್ತಿನಲ್ಲಿ ಕಣ್ಣು ಎಳೆಯತೊಡಗಿದರೆ ಹಾಡು ಹಾಕುವುದು, ಕಿಟಕಿ ತೆರೆಯುವುದು, ಎಲೆ ಅಡಿಕೆ ಜಗಿಯುವುದು ಇವು ಯಾವುವೂ ನಿದ್ದೆಯನ್ನು ತಡೆಯಲಾರವು. ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಭದ್ರವಾದ ಜಾಗದಲ್ಲಿ ನಿಲ್ಲಿಸಿ, ಇಪ್ಪತ್ತು ನಿಮಿಷ ಮಲಗತಕ್ಕದ್ದು. ಬೆಳೆ ಒಂದು ಗಂಟೆ ತಡವಾಗಿ ಮಂಡಿಗೆ ಹೋದರೆ ಮನೆ ಮುಳುಗುವುದಿಲ್ಲ.

ಹಿಂದಿನ ರಾತ್ರಿ ನಿದ್ದೆ ಇಲ್ಲದ ದಿನ ಮೇವು ಕತ್ತರಿಸುವ ಯಂತ್ರ, ಒಕ್ಕಣೆ ಯಂತ್ರಗಳಿಗೆ ಕೈ ಹಾಕಬೇಡಿ. ಕೀಟನಾಶಕ ಸಿಂಪರಣೆಯನ್ನೂ ಮರುದಿನಕ್ಕೆ ಇಡಿ. ಅಳತೆ ತಪ್ಪುವುದು, ಡಬ್ಬಿ ಬದಲಾಗುವುದು ಇಂಥ ದಿನವೇ.

5. ರಾತ್ರಿ ಕರೆಂಟಿನ ಸರದಿ

"ನಿದ್ದೆ ಮಾಡಿ ಎನ್ನುತ್ತೀರಿ, ಮೂರು ಫೇಸ್ ಕರೆಂಟು ರಾತ್ರಿ ಬಂದರೆ ನೀರು ಯಾರು ಕಟ್ಟಬೇಕು?" ಎಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಪಂಪ್‌ಸೆಟ್ಟು ನಂಬಿದವನಿಗೆ, ಶೇಂಗಾ ಹೊಲಕ್ಕೆ ಕಾಡುಹಂದಿ ಕಾಯುವವನಿಗೆ ರಾತ್ರಿ ಎದ್ದಿರದೆ ಗತಿಯಿಲ್ಲ. ಆದರೂ ಮಾಡಬಹುದಾದ ಕೆಲವು ಉಪಾಯಗಳಿವೆ.

ಮೊದಲನೆಯದು, ನಿದ್ದೆಗೂ ಮುಯ್ಯಿ ಮಾಡಿಕೊಳ್ಳುವುದು. ನಾಟಿಗೆ, ಕೊಯ್ಲಿಗೆ ನಾವು ಮುಯ್ಯಾಳು ಹೋಗುತ್ತೇವೆ. ಅಕ್ಕಪಕ್ಕದ ಇಬ್ಬರು ರೈತರು ಒಂದೇ ಲೈನಿನವರಾದರೆ ಇಂದು ಇವರು ಇಬ್ಬರ ನೀರನ್ನೂ ನೋಡಲಿ, ನಾಳೆ ಅವರು ನೋಡಲಿ. ದಿನಬಿಟ್ಟು ದಿನವಾದರೂ ಪೂರ್ತಿ ರಾತ್ರಿಯ ನಿದ್ದೆ ಸಿಗುತ್ತದೆ. ಒಂದೇ ಮನೆಯ ಅಣ್ಣತಮ್ಮಂದಿರೂ ಹೀಗೆಯೇ ಮಾಡಬಹುದು.

ಎರಡನೆಯದು, ಸಂಜೆಯೇ ಸ್ವಲ್ಪ ಮಲಗುವುದು. ರಾತ್ರಿ 12ಕ್ಕೆ ಏಳಬೇಕಾದರೆ 8ಕ್ಕೇ ಮಲಗಿದರೆ ಎರಡು ಸುತ್ತು ನಿದ್ದೆ, ಅದರಲ್ಲೂ ಹೆಚ್ಚಿನ ಗಾಢ ನಿದ್ದೆ, ಕೈಗೆ ಸಿಕ್ಕಿತು. ಟಿ.ವಿ. ನೋಡುತ್ತ 12ರವರೆಗೆ ಕಾಯುವುದು ದೊಡ್ಡ ತಪ್ಪು.

ಮೂರನೆಯದು, ಉಳಿದ ನಿದ್ದೆಯನ್ನು ಬೆಳಿಗ್ಗೆ ಪೂರ್ತಿ ಮಾಡುವುದು. ಹೊಲದಿಂದ ಮನೆಗೆ ಬರುವಾಗ ತಲೆಗೆ ಟವೆಲು ಹೊದ್ದು ಎಳೆ ಬಿಸಿಲು ಕಣ್ಣಿಗೆ ಹೆಚ್ಚು ಬೀಳದಂತೆ ನೋಡಿಕೊಳ್ಳಿ. ಕತ್ತಲೆ ಕೋಣೆಯಲ್ಲಿ ಎರಡು ಮೂರು ಗಂಟೆ ಮಲಗಿ. ಮನೆಯವರು ಆ ಹೊತ್ತಿನಲ್ಲಿ ಎಬ್ಬಿಸಬಾರದು. "ಹೊತ್ತೇರಿದರೂ ಮಲಗಿದ್ದಾನೆ" ಎಂದು ಹಂಗಿಸುವುದು ತಪ್ಪು.

ನಾಲ್ಕನೆಯದು, ರಾತ್ರಿ ನೀರು ಕಟ್ಟುವುದನ್ನೇ ಕಡಿಮೆ ಮಾಡುವುದು. ರಾತ್ರಿ ಬಂದ ನೀರನ್ನು ತೊಟ್ಟಿಗೋ ಕೃಷಿ ಹೊಂಡಕ್ಕೋ ತುಂಬಿಕೊಂಡರೆ ಹಗಲು ಹನಿ ನೀರಾವರಿಯಲ್ಲಿ ಬಿಡಬಹುದು. ಸೌರ ಪಂಪುಗಳಿಗಾಗಿ 2019ರಲ್ಲಿ ಕೇಂದ್ರ ಸರ್ಕಾರ ಕುಸುಮ್ ಯೋಜನೆಯನ್ನು ಆರಂಭಿಸಿತು. ವಿವರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಹಗಲು ಸರದಿ ಬೇಕೆಂದು ಒಬ್ಬೊಬ್ಬರೇ ಹೋಗಿ ಕೇಳುವುದಕ್ಕಿಂತ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಬೆಸ್ಕಾಂ ಕಚೇರಿಗೆ ಕೊಡುವುದು ಮೇಲು.

ರಾತ್ರಿ ಹೋಗಲೇಬೇಕಾದರೆ ಬರಿಗಾಲಲ್ಲಿ ಹೋಗಬೇಡಿ. ಮೊಣಕಾಲಿನವರೆಗಿನ ಬೂಟು, ಕೈಯಲ್ಲಿ ಕೋಲು, ತಲೆಗೆ ಕಟ್ಟುವ ಬ್ಯಾಟರಿ ಇರಲಿ. ಒದ್ದೆ ಕೈಯಿಂದ ಸ್ಟಾರ್ಟರ್ ಮುಟ್ಟಬೇಡಿ.

6. ನಿದ್ದೆಯ ರೋಗಗಳು

(ಅ) ನಿದ್ದೆ ಬಾರದಿರುವುದು. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬುದು ಗಾದೆ. ಚಿಂತೆ ಇರುವವನಿಗೆ ಮಂಚದ ಮೇಲೂ ನಿದ್ದೆಯಿಲ್ಲ ಎಂಬುದು ಅದರ ಇನ್ನೊಂದು ಮುಖ. ಒಂದೆರಡು ದಿನ ಹೀಗಾಗುವುದು ಸಹಜ. ವಾರಕ್ಕೆ ಮೂರು ರಾತ್ರಿಗಿಂತ ಕಡಿಮೆಯಿಲ್ಲದಂತೆ, ಮೂರು ತಿಂಗಳು ನಿದ್ದೆ ಕೆಟ್ಟು ಹಗಲಿನ ಕೆಲಸಕ್ಕೂ ಅಡ್ಡಿಯಾದರೆ ಅದನ್ನು ರೋಗವೆಂದು ತಿಳಿಯಬೇಕು. ಇದಕ್ಕೆ ವೈದ್ಯರು ಮೊದಲು ಹೇಳುವುದು ಮಾತ್ರೆಯನ್ನಲ್ಲ, ಅಭ್ಯಾಸದ ತಿದ್ದುಪಡಿಯನ್ನು. ಅದು ಹೀಗಿದೆ:

ಎಷ್ಟು ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ. ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಹೋಗಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಹೊರಳಾಡದೆ ಎದ್ದು ಜಗಲಿಯ ಮೇಲೆ ಸುಮ್ಮನೆ ಕೂತಿರಿ, ಕಣ್ಣು ಎಳೆದಾಗ ಮತ್ತೆ ಮಲಗಿ. ಹಾಸಿಗೆ ನಿದ್ದೆಯ ಜಾಗವೇ ಹೊರತು ಚಿಂತೆಯ ಜಾಗವಲ್ಲ ಎಂದು ಮೆದುಳು ಕಲಿಯಬೇಕು. ಗಂಟೆ ಎಷ್ಟಾಯಿತೆಂದು ಮತ್ತೆ ಮತ್ತೆ ನೋಡಬೇಡಿ. ಹಗಲು ಮಲಗುವುದಾದರೆ ಮಧ್ಯಾಹ್ನ ಮೂರರೊಳಗೆ, ಅರ್ಧ ಗಂಟೆ ಮೀರದಂತೆ ಮಲಗಿ. ರಾತ್ರಿ ಸರದಿ ಮಾಡಿದವರಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ.

ಕಾಫಿ ಟೀಯಲ್ಲಿರುವ ಕೆಫೀನು ಅಡೆನೋಸಿನ್ ಕೆಲಸಕ್ಕೆ ಅಡ್ಡಗಟ್ಟೆ ಹಾಕುತ್ತದೆ. ಕುಡಿದ ಐದು ಗಂಟೆಯ ಮೇಲೂ ಸುಮಾರು ಅರ್ಧ ಭಾಗ ಶರೀರದಲ್ಲಿ ಉಳಿದಿರುತ್ತದೆ. ಸಂಜೆ ನಾಲ್ಕರ ಟೀಯೇ ದಿನದ ಕೊನೆಯದಾಗಲಿ. ಬೀಡಿ, ತಂಬಾಕು ಕೂಡ ಎಚ್ಚರ ತರುವ ವಸ್ತುಗಳು. ಮದ್ಯ ಕುಡಿದರೆ ನಿದ್ದೆ ಬರುತ್ತದೆ ಎಂಬುದು ಅರ್ಧ ಸತ್ಯ. ಬೇಗ ಮಂಪರು ಬರುತ್ತದೆ, ಆದರೆ ರಾತ್ರಿಯ ಎರಡನೆಯ ಭಾಗದ ನಿದ್ದೆ ಒಡೆದು ಚೂರಾಗುತ್ತದೆ. ಬೆಳಿಗ್ಗೆ ಎದ್ದಾಗ ದಣಿವು ಹಾಗೆಯೇ ಇರುತ್ತದೆ. ನಿದ್ದೆ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ತರಬೇಡಿ. ಅವು ಬೇಗ ಚಟವಾಗುತ್ತವೆ. ಈಗಾಗಲೇ ಬಹಳ ದಿನದಿಂದ ನುಂಗುತ್ತಿರುವವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು.

(ಆ) ಗೊರಕೆ ಮತ್ತು ಉಸಿರುಕಟ್ಟುವ ನಿದ್ದೆ. ಗೊರಕೆ ಹೊಡೆಯುವವನನ್ನು ಕುಂಭಕರ್ಣನೆಂದು ತಮಾಷೆ ಮಾಡುತ್ತೇವೆ, ಸುಖವಾಗಿ ಮಲಗಿದ್ದಾನೆ ಎನ್ನುತ್ತೇವೆ. ಎಷ್ಟೋ ಸಾರಿ ಅದು ಸುಖದ ನಿದ್ದೆಯಲ್ಲ. ನಿದ್ದೆಯಲ್ಲಿ ಗಂಟಲಿನ ಮೆದು ಭಾಗಗಳು ಸಡಿಲವಾಗಿ, ಮೆತುವಾದ ಪೈಪು ಮಡಿಚಿಕೊಂಡಂತೆ ಉಸಿರಿನ ದಾರಿ ಮುಚ್ಚುತ್ತದೆ. ಹತ್ತು ಸೆಕೆಂಡಿಗೂ ಮೇಲೆ ಉಸಿರು ನಿಂತು, ಆಮೇಲೆ ಮೆದುಳು ಗಾಬರಿಯಾಗಿ ಎಬ್ಬಿಸಿದಾಗ ದೊಡ್ಡ ಶಬ್ದದೊಂದಿಗೆ ಉಸಿರು ಮರಳುತ್ತದೆ. ರಾತ್ರಿಯಲ್ಲಿ ಹೀಗೆ ನೂರಾರು ಸಲ ಆಗಬಹುದು. ಮಲಗಿದವನಿಗೆ ಇದು ತಿಳಿಯುವುದೇ ಇಲ್ಲ, ತಿಳಿಯುವುದು ಪಕ್ಕದಲ್ಲಿ ಮಲಗಿದವರಿಗೆ. ಬೆಳಿಗ್ಗೆ ತಲೆನೋವು, ಹಗಲು ತೂಕಡಿಕೆ, ಹತೋಟಿಗೆ ಬಾರದ ರಕ್ತದ ಒತ್ತಡ ಇದರ ಗುರುತುಗಳು. ತೂಕ ಹೆಚ್ಚಿದವರಲ್ಲಿ, ಕುತ್ತಿಗೆ ದಪ್ಪವಿದ್ದವರಲ್ಲಿ ಹೆಚ್ಚು. ಸಣಕಲು ಆಳುಗಳಿಗೂ ಬರಬಹುದು.

ಮಗ್ಗುಲಾಗಿ ಮಲಗುವುದು, ತೂಕ ಇಳಿಸುವುದು, ಮದ್ಯ ಬಿಡುವುದು ಇವುಗಳಿಂದ ಕಡಿಮೆಯಾಗುತ್ತದೆ. ಹೆಚ್ಚಾದವರಿಗೆ ಮೂಗಿಗೆ ಮುಖವಾಡ ಕಟ್ಟಿ ಗಾಳಿಯ ಒತ್ತಡದಿಂದ ದಾರಿ ತೆರೆದಿಡುವ ಸಣ್ಣ ಯಂತ್ರವಿದೆ. 1981ರಲ್ಲಿ ಆಸ್ಟ್ರೇಲಿಯಾದ ಡಾ. ಕಾಲಿನ್ ಸಲಿವನ್ ಈ ಚಿಕಿತ್ಸೆಯನ್ನು ಪ್ರಕಟಿಸಿದರು. ರಾತ್ರಿ ಮಲಗಿಸಿ ಉಸಿರು, ಎದೆಬಡಿತ, ಮೆದುಳಿನ ಅಲೆಗಳನ್ನು ಅಳೆಯುವ ಪರೀಕ್ಷೆಯಿಂದ ಈ ರೋಗವನ್ನು ಖಚಿತಪಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ನಿದ್ದೆಯ ರೋಗಗಳಿಗೆ ಚಿಕಿತ್ಸೆಯೂ ಸಂಶೋಧನೆಯೂ ನಡೆದಿವೆ.

(ಇ) ಕಾಲು ಸೆಳೆತ. ಸಂಜೆಯಾಗಿ ಮಲಗಿದೊಡನೆ ಕಾಲಿನಲ್ಲಿ ಇರುವೆ ಹರಿದಂತೆ, ಒಳಗೆ ಎಳೆದಂತೆ ಆಗುವುದು, ಎದ್ದು ನಡೆದಾಡಿದರೆ ನಿಲ್ಲುವುದು, ಮಲಗಿದರೆ ಮತ್ತೆ ಬರುವುದು. ಇದಕ್ಕೆ ಒಂದು ಮುಖ್ಯ ಕಾರಣ ಶರೀರದಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿರುವುದು. ಬಸುರಿಯರಲ್ಲಿ, ಹೆಚ್ಚು ಮುಟ್ಟು ಹೋಗುವ ಹೆಂಗಸರಲ್ಲಿ ಸಾಮಾನ್ಯ. ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದರೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳಬೇಕು. ಊಟದ ಜೊತೆಗೇ ಟೀ ಕುಡಿದರೆ ಊಟದಲ್ಲಿನ ಕಬ್ಬಿಣ ಮೈಗೆ ಹತ್ತುವುದಿಲ್ಲ.

(ಈ) ಎದೆಯ ಮೇಲೆ ದೆವ್ವ ಕೂತಂತಾಗುವುದು. ಎಚ್ಚರವಾಗಿದೆ, ಕಣ್ಣು ತೆರೆದಿದೆ, ಕೈಕಾಲು ಆಡುತ್ತಿಲ್ಲ, ಕೂಗಲು ಧ್ವನಿಯಿಲ್ಲ, ಯಾರೋ ಅಮುಕಿದಂತೆ. ಇದು ದೆವ್ವವೂ ಅಲ್ಲ, ಗಾಳಿಯೂ ಅಲ್ಲ. ಕನಸಿನ ನಿದ್ದೆಯಲ್ಲಿ ಕೈಕಾಲು ಸಡಿಲವಾಗಿರುತ್ತವೆ ಎಂದು ಮೇಲೆ ಓದಿದಿರಿ. ಕೆಲವೊಮ್ಮೆ ಮನಸ್ಸು ಮೊದಲು ಎದ್ದು, ಮೈ ಸ್ವಲ್ಪ ಹಿಂದೆ ಉಳಿಯುತ್ತದೆ, ಅಷ್ಟೆ. ಕೆಲವು ನಿಮಿಷದೊಳಗೆ ತಾನೇ ಹೋಗುತ್ತದೆ. ನಿದ್ದೆಗೆಟ್ಟವರಿಗೆ ಹೆಚ್ಚು ಬರುತ್ತದೆ. ಯಂತ್ರ, ತಾಯಿತಕ್ಕೆ ದುಡ್ಡು ಸುರಿಯುವ ಬದಲು ಹೊತ್ತಿಗೆ ಸರಿಯಾಗಿ ಮಲಗುವುದೇ ಮದ್ದು.

(ಉ) ಇತರ ತೊಂದರೆಗಳು. ಮಕ್ಕಳು ರಾತ್ರಿ ಚೀರಿ ಏಳುವುದು, ನಿದ್ದೆಯಲ್ಲಿ ನಡೆಯುವುದು ಸಾಮಾನ್ಯವಾಗಿ ಬೆಳೆಯುತ್ತ ಹೋಗುತ್ತದೆ. ಅಲುಗಾಡಿಸಿ ಎಬ್ಬಿಸಬೇಡಿ, ಮೆಲ್ಲಗೆ ಹಾಸಿಗೆಗೆ ಕರೆತನ್ನಿ. ಬಾವಿ, ಮೆಟ್ಟಿಲು, ಬಾಗಿಲುಗಳ ಬಗ್ಗೆ ಎಚ್ಚರವಿರಲಿ. ಹಾಸಿಗೆ ಒದ್ದೆ ಮಾಡುವ ಮಗುವನ್ನು ಹೊಡೆಯಬೇಡಿ, ಅದು ಬೇಕೆಂದು ಮಾಡಿದ್ದಲ್ಲ. ವಯಸ್ಸಾದವರು ಕನಸಿನಲ್ಲಿ ಕೂಗಿ, ಒದ್ದು, ಪಕ್ಕದವರನ್ನು ಹೊಡೆಯತೊಡಗಿದರೆ ನರರೋಗದ ವೈದ್ಯರಿಗೆ ತೋರಿಸಬೇಕು. ರಾತ್ರಿ ಚೆನ್ನಾಗಿ ಮಲಗಿದರೂ ಹಗಲು ತಡೆಯಲಾರದ ನಿದ್ದೆ ಬಂದು, ನಕ್ಕಾಗ ಮಂಡಿ ಕುಸಿದು ಬೀಳುವ ಒಂದು ರೋಗವೂ ಉಂಟು. ಅದನ್ನು ಸೋಮಾರಿತನ ಎಂದು ಬೈಯಬಾರದು.

7. ಮಲಗುವ ಜಾಗ

ಕಟ್ಟಿಗೆ ಹಾವು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದಾಗ ನೋವು, ಊತ ಬಹಳ ಸಲ ಕಾಣುವುದೇ ಇಲ್ಲ. ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದು, ರೆಪ್ಪೆ ಜೋಲುಬಿದ್ದು, ಮಾತು ತೊದಲಿದರೆ ನಿದ್ದೆಯ ಮಂಪರೆಂದು ತಿಳಿಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿ. ಮಂತ್ರ ಹಾಕಿಸಲು ಹೊತ್ತು ಕಳೆಯಬೇಡಿ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಘೋಷಿಸಿತು. ಮಂಚದ ಮೇಲೆ, ಸೊಳ್ಳೆ ಪರದೆಯನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿ ಮಲಗಿದರೆ ಹಾವಿನಿಂದಲೂ ಸೊಳ್ಳೆಯಿಂದಲೂ ರಕ್ಷಣೆ.

8. ಮನೆಯ ಹೆಣ್ಣುಮಕ್ಕಳ ನಿದ್ದೆ

ಮನೆಯಲ್ಲಿ ಕೊನೆಗೆ ಮಲಗುವವಳು ಯಾರು? ಮೊದಲು ಏಳುವವಳು ಯಾರು? ಎರಡಕ್ಕೂ ಉತ್ತರ ಒಂದೇ. ಪಾತ್ರೆ ತೊಳೆದು 11ಕ್ಕೆ ಮಲಗಿ, ಕಸ ಗುಡಿಸಿ ಹಾಲು ಕರೆಯಲು 4ಕ್ಕೆ ಏಳುವವಳಿಗೆ ಸಿಕ್ಕಿದ್ದು 5 ಗಂಟೆ. ಎಳೆ ಮಗುವಿದ್ದರೆ ಅದೂ ಇಲ್ಲ. ರಾತ್ರಿ ಊಟ ಒಂದು ಗಂಟೆ ಮುಂಚೆ ಆದರೆ, ಪಾತ್ರೆಗೆ ಇನ್ನೊಬ್ಬರು ಕೈ ಹಾಕಿದರೆ, ಬೆಳಗಿನ ಹಾಲು ಕರೆಯುವ ಕೆಲಸವನ್ನು ಗಂಡಸರು ದಿನಬಿಟ್ಟು ದಿನ ವಹಿಸಿಕೊಂಡರೆ ಅವಳಿಗೂ 7 ಗಂಟೆ ಸಿಗುತ್ತದೆ. ಇದಕ್ಕೆ ಸರ್ಕಾರದ ಸಹಾಯಧನ ಬೇಕಾಗಿಲ್ಲ.

9. ಮನಸ್ಸಿನ ಭಾರ

ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮಳೆ ಕೈಕೊಟ್ಟು, ಕೊಳವೆ ಬಾವಿ ಬತ್ತಿ, ಸಾಲ ಮೇಲೆ ಬಂದಾಗ ನಿದ್ದೆ ಹೋಗುವುದು ಸಹಜ. ಆದರೆ ಎರಡು ವಾರ ಬಿಡದೆ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ, ಯಾವುದರಲ್ಲೂ ಮನಸ್ಸಿಲ್ಲದೆ, ಬದುಕೇ ಬೇಡ ಎನಿಸತೊಡಗಿದರೆ ಅದು ನಿದ್ದೆಯ ತೊಂದರೆ ಮಾತ್ರವಲ್ಲ, ಮನಸ್ಸಿನ ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ, ಗುಣವಾಗುತ್ತದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಪಕ್ಕದ ಮನೆಯವರು ಹೀಗಿದ್ದಾರೆ ಎಂದು ಕಂಡರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕದ ಡಬ್ಬಿಗಳಿಗೆ ಬೀಗ ಹಾಕಿ.

10. ಮುಗಿಸುವ ಮುನ್ನ

ಸಭೆಯಲ್ಲಿ ಎದ್ದು ನಿಂತ ಆ ಹಿರಿಯರಿಗೆ ನಾನು ವೈದ್ಯರು ಹೇಳಿದಂತೆ ಒಂದು ನೋಟ್‌ಬುಕ್ಕು ಕೊಟ್ಟು, ಎರಡು ವಾರ ಮಲಗಿದ ಹೊತ್ತು, ಎದ್ದ ಹೊತ್ತು, ಕುಡಿದ ಟೀ ಇಷ್ಟನ್ನೂ ಮೊಮ್ಮಗಳ ಕೈಲಿ ಬರೆಸಲು ಹೇಳಿದೆ. ಪುಸ್ತಕ ತೆರೆದಾಗ ರೋಗ ಅಲ್ಲಿಯೇ ಕಾಣಿಸಿತು. ದಿನಕ್ಕೆ ಆರು ಟೀ, ಕೊನೆಯದು ರಾತ್ರಿ 8ಕ್ಕೆ. ರಾತ್ರಿ ಸರದಿ ಇಲ್ಲದ ದಿನವೂ ಮಧ್ಯಾಹ್ನ ಮೂರು ಗಂಟೆ ನಿದ್ದೆ. ಅವರು ಟೀಯನ್ನು ಮೂರಕ್ಕೆ ಇಳಿಸಿದರು, ಪಕ್ಕದ ತೋಟದವರೊಡನೆ ನೀರಿನ ಮುಯ್ಯಿ ಮಾಡಿಕೊಂಡರು. ಒಂದು ತಿಂಗಳ ಮೇಲೆ ಕೇಳಿದಾಗ, "ಪೂರ್ತಿ ಅಲ್ಲ ಸ್ವಾಮಿ, ಐದಾರು ಗಂಟೆ ಬರ್ತದೆ" ಎಂದರು. ಬೈಕಿನಿಂದ ಬಿದ್ದವರು ಆಸ್ಪತ್ರೆಗೆ ಹೋದಾಗ ರಕ್ತದ ಒತ್ತಡ ಹೆಚ್ಚಿರುವುದು ತಿಳಿಯಿತು. ಈಗ ಔಷಧಿ ತೆಗೆದುಕೊಳ್ಳುತ್ತಿದ್ದಾರೆ, ಹಾಲನ್ನು ಮಗ ಒಯ್ಯುತ್ತಿದ್ದಾನೆ.

ನೀವೂ ಇಂಥ ಒಂದು ಪುಸ್ತಕ ಇಡಿ. ಎರಡು ವಾರದಲ್ಲಿ ಸರಿಹೋಗದಿದ್ದರೆ ಅದನ್ನೇ ಹಿಡಿದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಹಿರಿಯೂರಿನ ತಾಲ್ಲೂಕು ಆಸ್ಪತ್ರೆಗೋ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ಹೋಗಿ. ಬೇರೆ ವಿವರಗಳಿಗಿಂತ ಆ ಎರಡು ಹಾಳೆ ವೈದ್ಯರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಂಘದಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಹಳ್ಳಿಯಲ್ಲಿ ಒಂದೇ ಲೈನಿನ ಪಂಪ್‌ಸೆಟ್ಟು ರೈತರು ಎಷ್ಟು ಮಂದಿ? ಅವರಲ್ಲಿ ಯಾರು ಯಾರು ರಾತ್ರಿ ನೀರಿಗೆ ಮುಯ್ಯಿ ಮಾಡಿಕೊಳ್ಳಬಹುದು?
2. ನಿಮ್ಮ ಮನೆಯಲ್ಲಿ ಅತಿ ಕಡಿಮೆ ನಿದ್ದೆ ಮಾಡುವವರು ಯಾರು? ಕಾರಣವೇನು? ಅವರ ಯಾವ ಕೆಲಸವನ್ನು ಇನ್ನೊಬ್ಬರು ವಹಿಸಿಕೊಳ್ಳಬಹುದು?
3. ರಾತ್ರಿ ಲೋಡು ಒಯ್ಯುವ ಗಾಡಿಗಳು ಹೊರಡುವ ಮುನ್ನ ಚಾಲಕ ಎಷ್ಟು ಹೊತ್ತು ಮಲಗಿದ್ದಾನೆ ಎಂದು ಕೇಳುವ ಪದ್ಧತಿ ನಮ್ಮಲ್ಲಿ ಇದೆಯೇ?
4. ಗೊರಕೆಯ ನಡುವೆ ಉಸಿರು ನಿಲ್ಲುವುದನ್ನು ನಿಮ್ಮ ಮನೆಯಲ್ಲಿ ಯಾರಾದರೂ ಗಮನಿಸಿದ್ದೀರಾ? ಅವರನ್ನು ಆಸ್ಪತ್ರೆಗೆ ಯಾವ ದಿನ ಕರೆದೊಯ್ಯುವಿರಿ?